ಮಗ ದುಡಿದ ವರ್ಷದ ಟ್ಯಾಕ್ಸ್ ರಿಟರ್ನ್

ನ್ಯೂಜೆರ್ಸಿಯಲ್ಲಿರುವ ನಮ್ಮ ಮನೆಯ ಟ್ಯಾಕ್ಸ್ ರಿಟರ್ನನ್ನು ಹನ್ನೆರಡು ವರ್ಷಗಳಿಂದ ನಾನೇ ತುಂಬುತ್ತಿದ್ದೇನೆ. 2024ರ ಮಾರ್ಚ್‌ನಲ್ಲಿ ಇ-ಫೈಲ್ ಮಾಡಿದ ರಿಟರ್ನ್ ಮೊದಲ ಬಾರಿಗೆ ತಿರಸ್ಕೃತವಾಗಿ ವಾಪಸ್ ಬಂತು. ಮಗನ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ (ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಬೇರೊಂದು ರಿಟರ್ನಿನಲ್ಲಿ ಆಗಲೇ ಬಳಕೆಯಾಗಿದೆ ಎಂಬುದು ಕಾರಣ. ಆ ಇನ್ನೊಂದು ರಿಟರ್ನ್ ಅವನದೇ. ಬೇಸಿಗೆಯ ಇಂಟರ್ನ್‌ಶಿಪ್‌ನಲ್ಲಿ 12,400 ಡಾಲರ್ ದುಡಿದಿದ್ದವನು, ಸಂಬಳದಲ್ಲಿ ಹಿಡಿದಿದ್ದ ತೆರಿಗೆಯನ್ನು ಮರಳಿ ಪಡೆಯಲು ಫೆಬ್ರವರಿಯಲ್ಲೇ ಫೋನಿನಿಂದ ಸಲ್ಲಿಸಿ, ತನ್ನನ್ನು ಬೇರೆಯವರು ಡಿಪೆಂಡೆಂಟ್ (ಪೋಷಣೆಗೆ ತಮ್ಮನ್ನು ಅವಲಂಬಿಸಿದವನು) ಎಂದು ತೋರಿಸಬಹುದೇ ಎಂದು ಕೇಳುವ ಚೌಕವನ್ನು ಖಾಲಿ ಬಿಟ್ಟಿದ್ದ.

“ದುಡಿದಿದ್ದು ನಾನೇ ಅಲ್ವಾ ಅಮ್ಮ, ಮತ್ತೆ ನಾನು ಹೇಗೆ ಡಿಪೆಂಡೆಂಟ್?” ಎಂದು ಕೇಳಿದ.

ಮಕ್ಕಳ ವಿಷಯದಲ್ಲಿ ಅಮೆರಿಕದ ನಿಯಮ ಸಂಪಾದನೆ ಎಷ್ಟೆಂದು ಕೇಳುವುದೇ ಇಲ್ಲ. ವರ್ಷದ ಕೊನೆಗೆ 19 ತುಂಬಿರಬಾರದು. ಐದು ತಿಂಗಳು ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದರೆ 24 ತುಂಬಿರಬಾರದು. ಅರ್ಧ ವರ್ಷಕ್ಕಿಂತ ಹೆಚ್ಚು ಕಾಲ ನಮ್ಮ ಜೊತೆಗಿರಬೇಕು, ಆದರೆ ಓದಿಗಾಗಿ ಕಾಲೇಜಿನ ಹಾಸ್ಟೆಲಾದ ಡಾರ್ಮ್‌ನಲ್ಲಿದ್ದ ದಿನಗಳೂ ಮನೆಯಲ್ಲಿದ್ದಂತೆಯೇ ಲೆಕ್ಕ. ನಮಗೆ ತೊಡಕೆನಿಸಿದ್ದು ಮಗ ತನ್ನ ಜೀವನೋಪಾಯದ ಅರ್ಧಕ್ಕಿಂತ ಹೆಚ್ಚನ್ನು ತಾನೇ ಭರಿಸಿರಬಾರದೆಂಬ ಷರತ್ತು.

ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ನ 501ನೇ ಪ್ರಕಟಣೆಯಲ್ಲಿ ಇದಕ್ಕೊಂದು ಲೆಕ್ಕದ ಹಾಳೆಯಿದೆ. ಅದನ್ನು ಮುದ್ರಿಸಿಕೊಂಡು ಊಟದ ಮೇಜಿನ ಮೇಲೆ ಹರಡಿ, ಇಬ್ಬರೂ ಬ್ಯಾಂಕ್ ವಿವರಗಳನ್ನು ತೆರೆದು ಕೂತೆವು. ಡಾರ್ಮ್ ಮತ್ತು ಊಟಕ್ಕೆ 13,600, ಸ್ಕಾಲರ್‌ಶಿಪ್ ಕಳೆದ ಮೇಲೆ ನಾವು ಕಟ್ಟಿದ ಶುಲ್ಕ 9,000, ಆರೋಗ್ಯ ವಿಮೆಯಲ್ಲಿ ಅವನ ಪಾಲು 1,900, ರಜೆಯಲ್ಲಿ ಮನೆಗೆ ಬಂದಾಗಿನ ಕೋಣೆಯ ಅಂದಾಜು ಬಾಡಿಗೆ ಮತ್ತು ಊಟ 2,400. ಅವನು ಖರ್ಚು ಮಾಡಿದ್ದು ಇಂಟರ್ನ್‌ಶಿಪ್ ಊರಿನ ಬಾಡಿಗೆ, ಊಟ, ಒಂದು ಲ್ಯಾಪ್‌ಟಾಪ್ ಸೇರಿ 5,500. ಬ್ಯಾಂಕಿನಲ್ಲಿ ಉಳಿಸಿದ ಹಣ ಅವನದೇ ಆದರೂ ಖರ್ಚಾಗದ್ದರಿಂದ ಲೆಕ್ಕಕ್ಕೆ ಬರುವುದಿಲ್ಲ, ಸ್ಕಾಲರ್‌ಶಿಪ್ಪನ್ನೂ ಬದಿಗಿಡಬೇಕು. ಒಟ್ಟು 32,400ರಲ್ಲಿ 5,500. ಅವನು ಮರುಮಾತಾಡಲಿಲ್ಲ.

ಆ ಚೌಕದ ಮಾತನ್ನು ಅವನು ‘ತೋರಿಸುತ್ತಾರೆಯೇ’ ಎಂದು ಓದಿಕೊಂಡಿದ್ದ. ಅಲ್ಲಿರುವುದು ‘ತೋರಿಸಬಹುದೇ’ ಎಂದು. ನಾವು ತೋರಿಸದೆ ಬಿಟ್ಟರೂ ಅವನು ಗುರುತು ಹಾಕಲೇಬೇಕು. ಅವನು ಸಲ್ಲಿಸಿದ ರಿಟರ್ನನ್ನು ಸರಿಪಡಿಸುವ 1040-ಎಕ್ಸ್ ಫಾರ್ಮಿನ ಮೂಲಕ ತಿದ್ದುಪಡಿ ಸಲ್ಲಿಸಿದ. ಡಿಪೆಂಡೆಂಟ್ ಆದವರಿಗೂ ದುಡಿದ ಮೊತ್ತಕ್ಕೆ 400 ಸೇರಿಸಿ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಹಾಕುವ ಮೊದಲು ಆದಾಯದಿಂದ ಕಳೆಯುವ ಮೊತ್ತ) ಸಿಗುತ್ತಿದ್ದುದರಿಂದ ಅವನಿಗೆ ಒಂದು ಡಾಲರೂ ನಷ್ಟವಾಗಲಿಲ್ಲ. ನಾನು ನಮ್ಮ ರಿಟರ್ನನ್ನು ಮುದ್ರಿಸಿ, ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿ, ಅಂಚೆಯಲ್ಲಿ ಕಳುಹಿಸಿದೆ. 17 ತುಂಬಿದವನಿಗೆ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ (ಮಕ್ಕಳಿಗಾಗಿ ಕಟ್ಟಬೇಕಾದ ತೆರಿಗೆಯಲ್ಲೇ ಸಿಗುವ ಕಡಿತ) ಇಲ್ಲ, 500 ಡಾಲರಿನ ಚಿಕ್ಕ ಕ್ರೆಡಿಟ್ ಮಾತ್ರ. ಆದರೆ ಕಾಲೇಜು ಶುಲ್ಕದ ಮೇಲಿನ 2,500 ಡಾಲರಿನ ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್ ನಮಗೆ ಸಿಕ್ಕಿತು.

ಮೈಸೂರಿನಲ್ಲಿರುವ ಅತ್ತೆ ಮಾವನಿಗೆ ಪ್ರತಿ ತಿಂಗಳು ಹಣ ಕಳುಹಿಸುತ್ತೇವೆ. ಅವರು ಅಮೆರಿಕದ ಪ್ರಜೆಗಳೂ ಅಲ್ಲ, ತೆರಿಗೆಯ ಲೆಕ್ಕದಲ್ಲಿ ಇಲ್ಲಿನ ನಿವಾಸಿಗಳೂ ಅಲ್ಲವಾದ್ದರಿಂದ ಅವರ ಹೆಸರು ನಮ್ಮ ರಿಟರ್ನಿಗೆ ಬರುವುದಿಲ್ಲ.

ಮಗ 2025ರ ಮೇ ತಿಂಗಳಲ್ಲಿ ಪದವಿ ಮುಗಿಸಿದ. ಜನವರಿಯಿಂದ ಮೇವರೆಗೆ ಐದು ತಿಂಗಳು ತುಂಬುವುದರಿಂದ ಆ ವರ್ಷಕ್ಕೂ ಅವನು ವಿದ್ಯಾರ್ಥಿಯೇ, ಆದರೆ ಜುಲೈಯಿಂದ ಸಂಬಳ ಬರುತ್ತಿತ್ತು, ಬಾಡಿಗೆಯನ್ನೂ ಅವನೇ ಕಟ್ಟುತ್ತಿದ್ದ. ಹಾಗಾಗಿ ಆ ವರ್ಷದ ಲೆಕ್ಕದ ಹಾಳೆಯನ್ನು ಮತ್ತೆ ಮೊದಲ ಸಾಲಿನಿಂದ ತುಂಬಬೇಕಾಯಿತು.