ಮಳೆಯಲ್ಲಿ ಹಿರಿಯ ಗೆಳೆಯರೊಂದಿಗೆ ಬೆಟ್ಟ ಹತ್ತುವುದು: ಬೆಂಗಳೂರಿನ ಸುತ್ತಮುತ್ತ ಚಾರಣ ಹೊರಡುವವರಿಗೆ

ಅರವತ್ತು ದಾಟಿದವರು ಮಳೆಗಾಲದಲ್ಲಿ ಬೆಟ್ಟದ ಕಡೆ ತಲೆ ಹಾಕಬಾರದು ಎಂದೇನಿಲ್ಲ. ಮಂಜು ಮುಸುಕಿದ ನಂದಿ, ಸೋನೆ ಮಳೆಯಲ್ಲಿ ಮಿಂದ ದೇವರಾಯನದುರ್ಗ ಅವರಿಗೂ ಸಿಗಬೇಕಾದ ಸಂತೋಷವೇ. ಜಾರುವ ಬಂಡೆ, ಗಾಳಿ, ಗುಡುಗು ಎಲ್ಲ ವಯಸ್ಸಿನವರಿಗೂ ಇದ್ದದ್ದು. ಹಿರಿಯರ ಗುಂಪಿನಲ್ಲಿ ಅದಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ: ಸಂಕೋಚ. ‘ನನ್ನಿಂದ ಉಳಿದವರಿಗೆ ತಡ ಆಗೋದು ಬೇಡ’ ಎಂದು ಮಂಡಿ ನೋವನ್ನು ನುಂಗುತ್ತಾರೆ, ನಡುಗುತ್ತಿದ್ದರೂ ‘ಏನಿಲ್ಲ, ನಡೀರಿ’ ಅನ್ನುತ್ತಾರೆ, ದಾರಿಯಲ್ಲಿ ಮೂತ್ರಕ್ಕೆ ತೊಂದರೆ ಎಂದು ನೀರನ್ನೇ ಕುಡಿಯುವುದಿಲ್ಲ. ಆದ್ದರಿಂದ ಯಾರೂ ಬಾಯಿಬಿಟ್ಟು ಕೇಳಬೇಕಾಗದ ಹಾಗೆ ಎಲ್ಲವನ್ನೂ ಮೊದಲೇ ಏರ್ಪಾಡು ಮಾಡಿಡಬೇಕು. ಕೆಳಗಿನ ಮಾತೆಲ್ಲ ಅದಕ್ಕಾಗಿಯೇ.

ಯಾವ ಬೆಟ್ಟ, ಯಾವ ಹೊತ್ತು

ಬೆಟ್ಟ ಆರಿಸುವಾಗ ಹತ್ತುವ ದಾರಿಯನ್ನು ನೋಡಬೇಡಿ, ಇಳಿಯುವ ದಾರಿಯನ್ನು ನೋಡಿ. ದಣಿದ ತೊಡೆ ದೇಹದ ಭಾರವನ್ನು ತಡೆದು ಹಿಡಿಯಲಾರದೆ ಹೋಗುವುದು ಇಳಿಯುವಾಗ. ಪಾದ ಜಾರುವುದೂ ಆಗಲೇ.

ಸಾವನದುರ್ಗ ಮಳೆಯಲ್ಲಿ ಬೇಡವೇ ಬೇಡ. ಅಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸುವುದು ಬಂಡೆಗೂ ಚಪ್ಪಲಿಯ ತಳಕ್ಕೂ ನಡುವಿನ ಹಿಡಿತ ಒಂದೇ. ಬಂಡೆ ಒದ್ದೆಯಾದರೆ ಅದೂ ಇಲ್ಲ. ಶಿವಗಂಗೆಯಲ್ಲಿ ಒಳಕಲ್ಲು ತೀರ್ಥದವರೆಗೆ ಹೋಗಿ ಹಿಂದಿರುಗುವ ಯೋಜನೆ ಒಳ್ಳೆಯದು. ಅಲ್ಲಿಂದ ಮೇಲೆ ಬಂಡೆಯಲ್ಲೇ ಕಡಿದ ಕಡಿದಾದ ಮೆಟ್ಟಿಲುಗಳಿವೆ, ಕಬ್ಬಿಣದ ಕಂಬಿ ಹಿಡಿದು ಹೋಗಬೇಕು. ಹತ್ತುವಾಗ ಹೇಗೋ ಆಗುತ್ತದೆ, ಇಳಿಯುವಾಗ ಕಾಲು ನಡುಗುತ್ತದೆ.

ನಂದಿ ಬೆಟ್ಟಕ್ಕೆ ದೊಡ್ಡದೊಂದು ಅನುಕೂಲವಿದೆ: ವಾಹನ ಮೇಲಿನವರೆಗೂ ಹೋಗುತ್ತದೆ. ಸುಲ್ತಾನಪೇಟೆ ಕಡೆಯ ಮೆಟ್ಟಿಲುಗಳಲ್ಲಿ ಹತ್ತಿ, ಕಾರನ್ನು ರಸ್ತೆಯಲ್ಲಿ ಮೇಲಕ್ಕೆ ಕಳುಹಿಸಿ, ಎಲ್ಲರೂ ಕಾರಿನಲ್ಲೇ ಇಳಿಯಿರಿ. ‘ಯಾರಿಗೆ ಆಗುವುದಿಲ್ಲವೋ ಅವರು ಕಾರಿನಲ್ಲಿ ಬನ್ನಿ’ ಎಂದರೆ ಒಬ್ಬರೂ ಕೈ ಎತ್ತುವುದಿಲ್ಲ. ಎಲ್ಲರಿಗೂ ಅದೇ ವ್ಯವಸ್ಥೆ ಎಂದು ಹೊರಡುವ ಮುಂಚೆಯೇ ಹೇಳಿಬಿಡಿ.

ಮಳೆಯ ಸ್ವಭಾವ ತಿಂಗಳಿಗೆ ತಕ್ಕಂತೆ ಬದಲಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಮಳೆ. ಜೂನ್‌ನಿಂದ ಆಗಸ್ಟ್‌ವರೆಗೆ ಹೆಚ್ಚಾಗಿ ಸೋನೆ, ಮೋಡ ಮತ್ತು ಬಿಡದ ಗಾಳಿ; ಸಿಡಿಲು ಕಡಿಮೆ, ಚಳಿ ಹೆಚ್ಚು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಅತಿ ಹೆಚ್ಚು ಮಳೆ, ಜೊತೆಗೆ ಸಂಜೆಯ ಗುಡುಗು. ಹವಾಮಾನ ಇಲಾಖೆಯ ಆರೆಂಜ್ ಅಥವಾ ರೆಡ್ ಅಲರ್ಟ್ ಇದ್ದರೆ ಚರ್ಚೆಯೇ ಇಲ್ಲ, ದಿನ ಬದಲಿಸಿ. ಯೆಲ್ಲೋ ಅಲರ್ಟ್ ಇದ್ದರೆ ಮೆಟ್ಟಿಲಿರುವ, ಅರ್ಧಕ್ಕೇ ತಿರುಗಬಹುದಾದ ಬೆಟ್ಟ ಮಾತ್ರ. ಸ್ಕಂದಗಿರಿಯಂಥ ಕಡೆ ಮುಂಗಡ ಟಿಕೆಟ್ ಕಾಯ್ದಿರಿಸಬೇಕಾಗುತ್ತದೆ. ‘ದುಡ್ಡು ಕಟ್ಟಾಗಿದೆ’ ಎಂಬ ಒಂದೇ ಕಾರಣಕ್ಕೆ ಹೊರಡುವ ಗುಂಪುಗಳು ಬಹಳ. ಆ ದುಡ್ಡು ಹೋದರೂ ಹೋಗಲಿ ಎಂದು ಕಾಯ್ದಿರಿಸುವ ದಿನವೇ ಎಲ್ಲರೂ ಒಪ್ಪಿಕೊಂಡಿರಬೇಕು.

ಸಮಯದ ಲೆಕ್ಕಕ್ಕೆ 1892ರಲ್ಲಿ ಸ್ಕಾಟ್ಲೆಂಡಿನ ನೈಸ್ಮಿತ್ ಕೊಟ್ಟ ಸೂತ್ರ ಈಗಲೂ ಉಪಯೋಗಕ್ಕೆ ಬರುತ್ತದೆ: 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. 3 ಕಿಲೋಮೀಟರ್ ದಾರಿ, 300 ಮೀಟರ್ ಏರು ಇದ್ದರೆ 36 ನಿಮಿಷ ಮತ್ತು 30 ನಿಮಿಷ, ಒಟ್ಟು 66 ನಿಮಿಷ. ಇದು ಗಟ್ಟಿಮುಟ್ಟಾದವರಿಗೆ ಒಣ ದಾರಿಯಲ್ಲಿ. ಹಿರಿಯರಿಗೆ, ಒದ್ದೆ ದಾರಿಯಲ್ಲಿ, ಅದನ್ನು ಎರಡರಿಂದ ಗುಣಿಸಿ. ಇಳಿಯಲೂ ಅಷ್ಟೇ ಹೊತ್ತು ಇಟ್ಟುಕೊಳ್ಳಿ. ಬೆಳಗ್ಗೆ 6.30ಕ್ಕೆ ಹೊರಟರೆ 9ಕ್ಕೆ ಎಲ್ಲಿದ್ದರೂ ತಿರುಗುವುದು ಎಂದು ಗೊತ್ತುಮಾಡಿ, ಎಲ್ಲರ ಫೋನಿನಲ್ಲೂ ಅಲಾರಂ ಇಡಿ. ಗಡಿಯಾರ ಹೇಳಿದರೆ ಯಾರಿಗೂ ಬೇಸರವಾಗುವುದಿಲ್ಲ.

ಹೊರಡುವ ಮುಂಚೆ ಕೇಳಬೇಕಾದ್ದು

ಗುಂಪಿನ ಮುಂದೆ ಯಾರೂ ತಮ್ಮ ಕಾಯಿಲೆ ಹೇಳುವುದಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿ. ಒಂದು ಚೀಟಿಯಲ್ಲಿ ಹೆಸರು, ಮಾತ್ರೆಗಳು, ಅಲರ್ಜಿ, ಮನೆಯವರ ಫೋನ್ ನಂಬರ್ ಬರೆದು ಜಿಪ್ ಕವರಿನಲ್ಲಿ ಹಾಕಿ ಅವರ ಚೀಲದ ಮೇಲಿನ ಜೇಬಿನಲ್ಲಿ ಇಡಿಸಿ. ಮುಖ್ಯವಾಗಿ ಗಮನಿಸಬೇಕಾದ ಮಾತ್ರೆಗಳು ಇವು.

ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗೆ ನೀರಿನಂಶ ಬೇಗ ಇಳಿಯುತ್ತದೆ, ಕುಳಿತವರು ಎದ್ದಾಗ ತಲೆ ಸುತ್ತುತ್ತದೆ. ಚಾರಣದ ದಿನ ಆ ಮಾತ್ರೆಯನ್ನು ಯಾವಾಗ ತೆಗೆದುಕೊಳ್ಳಬೇಕೆಂದು ಅವರ ವೈದ್ಯರನ್ನೇ ಕೇಳಲಿ, ತಾವಾಗಿ ನಿಲ್ಲಿಸಬಾರದು. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆಗಳು ಎದೆಬಡಿತ ಏರದಂತೆ ತಡೆಯುತ್ತವೆ. ಆದ್ದರಿಂದ ಕೈಗಡಿಯಾರ ತೋರಿಸುವ ಬಡಿತ ನಂಬಿಕೊಂಡು ‘ಆರಾಮಾಗಿದ್ದೇನೆ’ ಎನ್ನುವಂತಿಲ್ಲ. ಮಾತಾಡಿಸಿ ನೋಡಿ. ಒಂದು ಪೂರ್ತಿ ವಾಕ್ಯವನ್ನು ನಡುವೆ ಉಸಿರಿಗಾಗಿ ನಿಲ್ಲದೆ ಹೇಳಲು ಆಗದಿದ್ದರೆ ವೇಗ ಹೆಚ್ಚಾಗಿದೆ ಎಂದರ್ಥ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಎಂಬ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರಿಗೆ ಬೆಟ್ಟ ಏರುವಾಗ ರಕ್ತದ ಸಕ್ಕರೆ ಇಳಿಯಬಹುದು. ಬೆವರು, ನಡುಕ, ಮಂಕುತನ ಅದರ ಲಕ್ಷಣ. ಮಳೆಯಲ್ಲಿ ಬೆವರು ಕಾಣಿಸುವುದಿಲ್ಲ, ನಡುಕವನ್ನು ಚಳಿ ಎಂದುಕೊಳ್ಳುತ್ತೇವೆ. ಹಾಗಾಗಿ ಮಧುಮೇಹಿಗಳು ನಡುಗಿದರೆ ಚಳಿಯೋ ಸಕ್ಕರೆಯೋ ಎಂದು ಯೋಚಿಸುತ್ತ ನಿಲ್ಲಬೇಡಿ. ಎಚ್ಚರವಿದ್ದು ನುಂಗಬಲ್ಲವರಾದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ. ಸುಧಾರಿಸಿದ ಮೇಲೆ ಬಾಳೆಹಣ್ಣೋ ಚಪಾತಿಯೋ ತಿನ್ನಲಿ.

ರಕ್ತ ತೆಳುವಾಗಿಸುವ ಮಾತ್ರೆಯವರು ಯಾರು ಎಂಬುದು ಇಬ್ಬರಿಗಾದರೂ ಗೊತ್ತಿರಬೇಕು. ಎದೆನೋವಿಗೆ ನಾಲಿಗೆ ಕೆಳಗಿಡುವ ಮಾತ್ರೆ ಇರುವವರು ಅದನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಳ್ಳಲಿ. ಇಡುವಾಗ ಕುಳಿತೇ ಇಡಬೇಕು, ನಿಂತಿದ್ದರೆ ಬಿ.ಪಿ. ಕುಸಿದು ಬೀಳಬಹುದು. ಒಬ್ಬರ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಬೇಡಿ.

ಕಾಲು, ಕಣ್ಣು, ಬೆನ್ನ ಮೇಲಿನ ಚೀಲ

ಅಟ್ಟದ ಮೇಲೆ ಐದಾರು ವರ್ಷ ಇದ್ದ ಶೂ ನೋಡಲು ಹೊಸದರಂತೆಯೇ ಇರುತ್ತದೆ. ಆದರೆ ಪಾಲಿಯುರೆಥೇನ್ ತಳ ಗಾಳಿಯ ತೇವಕ್ಕೇ ಒಳಗಿನಿಂದ ಪುಡಿಯಾಗುತ್ತಾ ಬರುತ್ತದೆ. ಬೆಟ್ಟದ ನಡುವೆ ತಳ ಪೂರ್ತಿ ಕಿತ್ತುಬರುವುದು ಇಂಥ ಶೂಗಳಲ್ಲೇ. ವಾರ ಮೊದಲು ತಳವನ್ನು ಬಲವಾಗಿ ಬಗ್ಗಿಸಿ ನೋಡಿ, ಹೆಬ್ಬೆರಳಿನ ಉಗುರಿನಿಂದ ಒತ್ತಿ ನೋಡಿ, ಹಾಕಿಕೊಂಡು ಎರಡು ದಿನ ವಾಕಿಂಗ್ ಹೋಗಿ. ದಾರಿಯಲ್ಲಿ ಕಿತ್ತುಬಂದರೆ ಕಟ್ಟಲು ಎರಡು ಮೀಟರ್ ದಪ್ಪ ದಾರ ಚೀಲದಲ್ಲಿರಲಿ.

ಕನ್ನಡಕದ ವಿಷಯ ಬಹಳ ಜನ ಯೋಚಿಸುವುದೇ ಇಲ್ಲ. ಪ್ರೋಗ್ರೆಸಿವ್ ಅಥವಾ ಬೈಫೋಕಲ್ ಕನ್ನಡಕದ ಕೆಳಭಾಗ ಓದುವುದಕ್ಕೆ. ಇಳಿಯುವಾಗ ಮೆಟ್ಟಿಲನ್ನು ಆ ಭಾಗದಿಂದಲೇ ನೋಡುವುದರಿಂದ ಅಂಚು ಮಸುಕಾಗುತ್ತದೆ, ಹೆಜ್ಜೆ ತಪ್ಪುತ್ತದೆ. ದೂರದೃಷ್ಟಿಗೆ ಮಾತ್ರ ಇರುವ ಹಳೆಯ ಕನ್ನಡಕ ಮನೆಯಲ್ಲಿದ್ದರೆ, ಅದರ ನಂಬರ್ ಈಗಲೂ ಸರಿಹೊಂದುವಂತಿದ್ದರೆ, ಅದನ್ನು ತನ್ನಿ. ರೇನ್‌ಕೋಟಿನ ಟೋಪಿಯ ಒಳಗೆ ಮುಂದೆ ಅಂಚಿರುವ ಕ್ಯಾಪ್ ಹಾಕಿದರೆ ಗಾಜಿನ ಮೇಲೆ ಹನಿ ಬೀಳುವುದು ಕಡಿಮೆಯಾಗುತ್ತದೆ. ಶ್ರವಣ ಸಾಧನ ಇರುವವರು ಮಳೆಯಲ್ಲಿ ಅದನ್ನು ತೆಗೆದಿಡುತ್ತಾರೆ. ಆಮೇಲೆ ಅವರಿಗೆ ಕೂಗಿದರೂ ಕೇಳಿಸುವುದಿಲ್ಲ. ನಿಲ್ಲಿ, ಬನ್ನಿ, ಕುಳಿತುಕೊಳ್ಳಿ ಎಂಬ ಮೂರು ಕೈಸನ್ನೆಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಛತ್ರಿ ಬೇಡ, ಒಂದು ಕೈ ಹೋಗುತ್ತದೆ, ಗಾಳಿ ಎಳೆಯುತ್ತದೆ. ಮೈಮೇಲೆ ಹೊದೆಯುವ ಪಾಂಚೋ ಕಾಲಿನ ಮುಂದಿನ ನೆಲವನ್ನು ಮರೆಮಾಡುತ್ತದೆ. ಜಾಕೆಟ್, ಪ್ಯಾಂಟು ಬೇರೆ ಬೇರೆ ಇರುವ ರೇನ್‌ಕೋಟೇ ಸರಿ. ಊರುಗೋಲು ಎರಡಿದ್ದರೆ ಮಂಡಿಯ ಭಾರ ಹಂಚಿಹೋಗುತ್ತದೆ: ಏರುವಾಗ ಮೊಣಕೈ ಸಮಕೋನದಲ್ಲಿ ಬಾಗುವಷ್ಟು ಉದ್ದ, ಇಳಿಯುವಾಗ ಅದಕ್ಕಿಂತ 5ರಿಂದ 10 ಸೆಂಟಿಮೀಟರ್ ಹೆಚ್ಚು. ಬಂಡೆಯ ಮೇಲೆ ಕಬ್ಬಿಣದ ಮೊನೆ ಜಾರುತ್ತದೆ, ರಬ್ಬರ್ ಬುಡ ಹಾಕಿ.

ಚೀಲದ ಮೇಲೆ ಹೊದಿಸುವ ಕವರ್ ಬೆನ್ನಿನ ಕಡೆಯಿಂದ ಇಳಿಯುವ ನೀರನ್ನು ತಡೆಯುವುದಿಲ್ಲ. ಚೀಲದೊಳಗೇ ದೊಡ್ಡ ಕಸದ ಕವರ್ ಬಿಚ್ಚಿ, ಎಲ್ಲವನ್ನೂ ಅದರೊಳಗಿಟ್ಟು ಬಾಯಿ ತಿರುಚಿ. ಅದರಲ್ಲಿ ಒಣ ಬನಿಯನ್, ಸ್ವೆಟರ್, ಕಾಲುಚೀಲ, ಮಂಕಿ ಕ್ಯಾಪ್ ಇರಲೇಬೇಕು. ಒಬ್ಬೊಬ್ಬರಿಗೆ ಒಂದೂವರೆ ಲೀಟರ್ ನೀರು, ಗುಂಪಿಗೆ ಒಂದು ಲೀಟರಿನ ಎರಡು ಫ್ಲಾಸ್ಕ್ ಬಿಸಿ ಕಷಾಯ. ಶೇಂಗಾ ಚಿಕ್ಕಿ, ಖರ್ಜೂರ, ಬೆಲ್ಲ ನಡೆಯುತ್ತಲೇ ತಿನ್ನಬಹುದಾದವು. ತಿಂಡಿಯನ್ನು ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಹಿಡಿಯಬೇಡಿ. ಶಿವಗಂಗೆ, ನಂದಿ, ದೇವರಾಯನದುರ್ಗದ ಕೋತಿಗಳಿಗೆ ಆ ಸದ್ದು ಚೆನ್ನಾಗಿ ಗೊತ್ತು. ಎಳೆದಾಟದಲ್ಲಿ ಬೀಳುವವರು ಹಿರಿಯರೇ. ಕೋತಿ ಹಿಡಿದರೆ ಬಿಟ್ಟುಬಿಡಿ.

ದಾರಿಯಲ್ಲಿ

ಎಂಟು ಹತ್ತು ಜನರ ಗುಂಪಿಗೆ ಮುಂದೆ ಒಬ್ಬರು, ಕೊನೆಯಲ್ಲಿ ಒಬ್ಬರು ಜವಾಬ್ದಾರರು. ಅತಿ ನಿಧಾನದವರು ಎರಡನೆಯ ಸ್ಥಾನದಲ್ಲಿ ನಡೆಯಲಿ, ಅವರ ಹೆಜ್ಜೆಯೇ ಗುಂಪಿನ ಹೆಜ್ಜೆ. ಅವರು ಕೊನೆಯಲ್ಲಿದ್ದರೆ ಏನಾಗುತ್ತದೆ ನೋಡಿ: ಮುಂದಿನವರು ಕುಳಿತು ಕಾಯುತ್ತಾರೆ, ಇವರು ಬಂದ ತಕ್ಷಣ ‘ಬಂದ್ರಲ್ಲ, ಹೊರಡೋಣ’ ಎಂದು ಏಳುತ್ತಾರೆ. ದಣಿದವರಿಗೇ ವಿಶ್ರಾಂತಿ ಇಲ್ಲದಂತಾಗುತ್ತದೆ. ಅರ್ಧ ಗಂಟೆಗೊಮ್ಮೆ ಐದು ನಿಮಿಷ ಎಲ್ಲರೂ ನಿಲ್ಲಿ, ಕೊನೆಯವರು ಬಂದು ಕುಳಿತ ಮೇಲೆ ಐದು ನಿಮಿಷ ಎಣಿಸಿ, ಎಲ್ಲರೂ ನಾಲ್ಕು ಗುಟುಕು ನೀರು ಕುಡಿಯಿರಿ. ವಯಸ್ಸಾದಂತೆ ಬಾಯಾರಿಕೆ ತಡವಾಗಿ ತಿಳಿಯುತ್ತದೆ, ಮಳೆಯಲ್ಲಿ ಇನ್ನೂ ತಡ. ಶೌಚಾಲಯ ಎಲ್ಲೆಲ್ಲಿದೆ ಎಂದು ಹೊರಡುವಾಗಲೇ ಹೇಳಿ. ದಾರಿಯ ನಡುವೆ ‘ಹೆಂಗಸರು ಮುಂದೆ ಹೋಗಿರಲಿ, ಗಂಡಸರು ಹತ್ತು ನಿಮಿಷ ಇಲ್ಲೇ’ ಎಂಬ ನಿಲುಗಡೆಯನ್ನು ಯಾರೂ ಕೇಳದೆಯೇ ಇಟ್ಟುಕೊಳ್ಳಿ.

ಬಂಡೆಯ ಮೇಲೆ ಕಪ್ಪು ಪಟ್ಟೆ ಕಂಡರೆ ಅದು ಮಳೆನೀರು ಹರಿಯುವ ಜಾಗ. ಅಲ್ಲಿ ಹಾವಸೆ ಬೆಳೆದಿರುತ್ತದೆ, ಒದ್ದೆಯಾದಾಗ ನಿಲ್ಲಲಾಗುವುದಿಲ್ಲ. ಬಿಳಿಚಿದ, ತರಿತರಿ ಇರುವ ಕಡೆ ಪಾದವನ್ನು ಪೂರ್ತಿ ಊರಿ. ಭಯಕ್ಕೆ ಹಿಂದಕ್ಕೆ ವಾಲಿದರೆ ಹಿಮ್ಮಡಿ ಜಾರುತ್ತದೆ. ಮಂಡಿ ಸ್ವಲ್ಪ ಬಗ್ಗಿಸಿ, ಭಾರ ಪಾದದ ಮೇಲೆ ನೇರವಾಗಿ ಬರಲಿ. ಎತ್ತರದ ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿ ಇಳಿಯಿರಿ, ನೋವಿರುವ ಕಾಲು ಮೊದಲು ಕೆಳಗೆ. ಇನ್ನೊಬ್ಬರ ಕೈ ಹಿಡಿದು ಇಳಿಸುವುದು ಒಳ್ಳೆಯದೆನಿಸುತ್ತದೆ, ಆದರೆ ಒಬ್ಬರು ಜಾರಿದರೆ ಇಬ್ಬರೂ ಬೀಳುತ್ತಾರೆ. ಸಹಾಯ ಮಾಡುವವರು ಒಂದು ಮೆಟ್ಟಿಲು ಕೆಳಗೆ, ಪಕ್ಕದಲ್ಲಿ ನಿಂತು ಹೆಗಲು ಕೊಡಲಿ.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. 30ರೊಳಗೆ ಕೇಳಿಸಿದರೆ ಸಿಡಿಲು ನಿಮ್ಮನ್ನು ತಲುಪುವಷ್ಟು ಹತ್ತಿರವಿದೆ, ತಕ್ಷಣ ಇಳಿಯಲು ಶುರುಮಾಡಿ. ಕೊನೆಯ ಗುಡುಗಿನ ನಂತರ 30 ನಿಮಿಷ ಮೇಲೆ ಹೋಗಬೇಡಿ. ಬೆಟ್ಟದ ತುದಿಯ ತೆರೆದ ಮಂಟಪ, ಒಂಟಿ ಮರ, ಕಬ್ಬಿಣದ ಕಂಬಿ ಮೂರೂ ಆಸರೆಯಲ್ಲ. ಕಿಟಕಿ ಮುಚ್ಚಿದ ಕಾರು, ಗೋಡೆಯಿರುವ ಕಟ್ಟಡ ಆಸರೆ. ‘ದಾಮಿನಿ’ ಆ್ಯಪ್ ಸಿಡಿಲಿನ ಎಚ್ಚರಿಕೆ ಕೊಡುತ್ತದೆ, ಆದರೆ ಬೆಟ್ಟದಲ್ಲಿ ನೆಟ್‌ವರ್ಕ್ ಹೋಗಬಹುದು, ಕಿವಿಯನ್ನೇ ನಂಬಿ.

ನಂದಿಯ ಎತ್ತರ 1,478 ಮೀಟರ್, ಬೆಂಗಳೂರಿನದು ಸುಮಾರು 920. ಆ ಎತ್ತರಕ್ಕೇ ಮೂರು ನಾಲ್ಕು ಡಿಗ್ರಿ ತಂಪು, ಮೇಲೆ ಗಾಳಿ, ಮೈಮೇಲೆ ಒದ್ದೆ ಹತ್ತಿ ಬಟ್ಟೆ. ಇಷ್ಟು ಸಾಕು ಹಿರಿಯರ ಮೈಯ ಬಿಸಿ ಇಳಿಯಲು. ಮಾತಾಡುತ್ತಿದ್ದವರು ಮೌನವಾದರೆ, ಜಿಪ್ ಎಳೆಯಲು ತಡಕಾಡಿದರೆ, ಮಾತು ತೊದಲಿದರೆ, ಸುಮ್ಮನೆ ಎಡವಿದರೆ ನಿಲ್ಲಿಸಿ. ಗಾಳಿಗೆ ಮರೆಯಾದ ಕಡೆ ಚೀಲದ ಮೇಲೆ ಕೂರಿಸಿ, ಒದ್ದೆ ಬಟ್ಟೆ ಬದಲಿಸಿ, ಮಂಕಿ ಕ್ಯಾಪ್ ಹಾಕಿ, ಬಿಸಿ ಸಿಹಿ ಕಷಾಯ ಕುಡಿಸಿ. ಕೈಕಾಲು ಉಜ್ಜಬೇಡಿ. ಆಮೇಲೆ ಗುಂಪೇ ಹಿಂದಿರುಗಬೇಕು, ಅವರೊಬ್ಬರನ್ನೇ ಕಳುಹಿಸುವುದಲ್ಲ.

ಬಿದ್ದವರ ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಹತ್ತಿರ ಮೂಳೆ ಮುರಿದಿರಬಹುದು. ಎಬ್ಬಿಸಿ ನಿಲ್ಲಿಸುವ ಪ್ರಯತ್ನ ಬೇಡ. ಅಲುಗಿಸದೆ ಮೇಲೆ ಹೊದಿಸಿ, ಆದಷ್ಟೂ ಬಂಡೆಗೂ ಮೈಗೂ ನಡುವೆ ಬಟ್ಟೆ ತುರುಕಿ, 108 ಅಥವಾ 112ಕ್ಕೆ ಕರೆ ಮಾಡಿ. ಸಿಗ್ನಲ್ ಇಲ್ಲದಿದ್ದರೆ ಇಬ್ಬರು ಕೆಳಗಿಳಿದು ದೇವಸ್ಥಾನ ಅಥವಾ ಅಂಗಡಿಯವರಿಗೆ ತಿಳಿಸಲಿ. ಹತ್ತುವ ಮುಂಚೆ ಅಲ್ಲಿ ನಿಂತು ಎಷ್ಟು ಜನ ಹೋಗುತ್ತಿದ್ದೀರಿ ಎಂದು ಹೇಳಿಹೋಗಿದ್ದರೆ ಆಗ ಕೆಲಸ ಬೇಗ ಆಗುತ್ತದೆ.

ಕೆಳಗಿಳಿದ ತಕ್ಷಣ ಕಾಫಿಗೆ ಮೊದಲು ಒಣ ಬಟ್ಟೆ. ಒಂದು ತಾಸು ಕಾರಿನಲ್ಲಿ ಕುಳಿತ ಮೇಲೆ ಮಂಡಿ ಬಿಗಿಯುತ್ತದೆ, ಇಳಿಯುವಾಗ ಬಾಗಿಲು ಹಿಡಿದುಕೊಂಡು ನಿಧಾನವಾಗಿ ಏಳಲಿ. ಮರುದಿನ ಬೆಳಗ್ಗೆ ಒಬ್ಬೊಬ್ಬರಿಗೂ ಫೋನ್ ಮಾಡಿ. ತೊಡೆ ನೋವು ಎರಡು ಮೂರು ದಿನ ಇದ್ದೇ ಇರುತ್ತದೆ. ಎದೆಯಲ್ಲಿ ಭಾರ, ಒಂದೇ ಮೀನಖಂಡದಲ್ಲಿ ಊತ, ಕಡುಕಂದು ಬಣ್ಣದ ಮೂತ್ರ, ಇವು ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದವು. ರಕ್ತ ತೆಳುವಾಗಿಸುವ ಮಾತ್ರೆಯವರಿಗೆ ತಲೆ ತಾಗಿದ್ದರೆ, ಸಣ್ಣ ಊತವಷ್ಟೇ ಆಗಿದ್ದರೂ, ಬೆಟ್ಟದಿಂದ ನೇರವಾಗಿ ಆಸ್ಪತ್ರೆಗೇ ಕರೆದುಕೊಂಡು ಹೋಗಿ.