ನಗರ ಎಂಬ ಹಳ್ಳಿಯನ್ನು ನೋಡುವ ಕ್ರಮ

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ನಗರ ಎಂಬ ಹೆಸರಿನ ಊರೊಂದಿದೆ. ಒಂದಿಷ್ಟು ಅಂಗಡಿಗಳು, ಬಸ್ಸು ನಿಲ್ಲುವ ಜಾಗ, ಸುತ್ತಲಿನ ಗುಡ್ಡಗಳ ಮಡಿಲಲ್ಲಿ ಅಡಕೆ ತೋಟ, ಗದ್ದೆ, ಅವುಗಳ ನಡುವೆ ಚದುರಿದ ಹೆಂಚಿನ ಮನೆಗಳು: ಇಂದು ಕಣ್ಣಿಗೆ ಬೀಳುವುದು ಇಷ್ಟೇ. ಆದರೆ 1640ರ ಆಸುಪಾಸಿನಿಂದ 1763ರವರೆಗೆ ಈ ಊರು ಕೆಳದಿ ಅರಸರ ರಾಜಧಾನಿಯಾಗಿತ್ತು. ಆಗ ಇದರ ಹೆಸರು ಬಿದನೂರು, ಎಂದರೆ ಬಿದಿರಿನ ಊರು. ಸಂಸ್ಕೃತ ಬಲ್ಲವರು ವೇಣುಪುರ ಎಂದರು. ಕೊಲ್ಲೂರಿಗೆ ಹೊರಟವರಲ್ಲಿ ಹೆಚ್ಚಿನವರು ಇಲ್ಲಿ ಇಳಿದು, ಕೋಟೆಯ ಬುರುಜಿನ ಎದುರು ಫೋಟೊ ತೆಗೆಸಿಕೊಂಡು ಅರ್ಧ ಗಂಟೆಯಲ್ಲಿ ಹೊರಟುಬಿಡುತ್ತಾರೆ. ಮೊದಲ ಸಲ ನಾನೂ ಹಾಗೆಯೇ ಮಾಡಿದ್ದೆ. ಕೋಟೆಯೊಂದನ್ನೇ ನೋಡಿದವರಿಗೆ ರಾಜಧಾನಿ ಕಾಣುವುದಿಲ್ಲ; ಅದಕ್ಕೆ ಪೂರ್ತಿ ಒಂದು ಹಗಲು ಬೇಕು, ಒಂದಿಷ್ಟು ನಡೆಯುವ ಮನಸ್ಸೂ ಬೇಕು.

ಶಿವಮೊಗ್ಗದಿಂದ ಆಯನೂರು, ರಿಪ್ಪನ್‌ಪೇಟೆ, ಹೊಸನಗರದ ಮೇಲೆ ಬಂದರೆ ನಗರಕ್ಕೆ ಸುಮಾರು 85 ಕಿಲೋಮೀಟರ್. ಹಿಂದಿನ ರಾತ್ರಿ ಹೊಸನಗರದಲ್ಲೋ ತೀರ್ಥಹಳ್ಳಿಯಲ್ಲೋ ತಂಗಿ, ಬೆಳಗಿನ ತಿಂಡಿ ಮುಗಿಸಿ ಹೊರಡುವುದು ಅನುಕೂಲ. ಕಾಲ ಯಾವುದೆಂಬುದನ್ನು ಮಾತ್ರ ಯೋಚಿಸಿ ಆರಿಸಿಕೊಳ್ಳಬೇಕು. ಹತ್ತಿರದ ಹುಲಿಕಲ್, ಮಾಸ್ತಿಕಟ್ಟೆಗಳು ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳ ಸಾಲಿಗೆ ಸೇರುತ್ತವೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕೋಟೆಯ ಕಲ್ಲುಗಳು ಪಾಚಿಗಟ್ಟಿ ಜಾರುತ್ತವೆ, ಹುಲ್ಲಿನ ತುಂಬ ರಕ್ತ ಹೀರುವ ಉಂಬಳಗಳಿರುತ್ತವೆ. ಮಳೆಯನ್ನೇ ನೋಡಲು ಬರುವವರ ಮಾತು ಬೇರೆ. ಊರನ್ನು ನೋಡಬೇಕೆನ್ನುವವರಿಗೆ ಅಕ್ಟೋಬರ್ ಮತ್ತು ನವೆಂಬರ್ ಒಳ್ಳೆಯ ತಿಂಗಳುಗಳು: ಕೊಳಗಳು ತುಂಬಿರುತ್ತವೆ, ಗದ್ದೆಗಳಲ್ಲಿ ಪೈರು ನಿಂತಿರುತ್ತದೆ, ತೋಟಗಳಲ್ಲಿ ಅಡಕೆ ಗೊನೆಗಳ ಕೊಯ್ಲು ಆರಂಭವಾಗುತ್ತಿರುತ್ತದೆ. ಚಳಿಗಾಲ ಹಿಡಿದು ಬೇಸಿಗೆ ಕಳೆಯುವವರೆಗೆ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಭಯವಿರುತ್ತದೆ. 1957ರಲ್ಲಿ ಇದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗ ಉಣುಗುಗಳ, ಎಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಪುಟ್ಟ ಉಣ್ಣೆಗಳ, ಕಡಿತದಿಂದ ಹರಡುತ್ತದೆ. ಆದ್ದರಿಂದ ಆ ತಿಂಗಳುಗಳಲ್ಲಿ ಬರುವವರು ಮೈ ತುಂಬ ಬಟ್ಟೆ ತೊಟ್ಟು, ಕಾಲುದಾರಿ ಬಿಟ್ಟು ತರಗೆಲೆಯ ಕಾಡಿಗೆ ಇಳಿಯದೆ, ಮಂಗಗಳು ಸತ್ತಿವೆ ಎಂಬ ಸುದ್ದಿಯಿರುವ ಕಡೆ ಕಾಲಿಡದೆ, ಸಂಜೆ ಬಿಸಿನೀರಿನಲ್ಲಿ ಸ್ನಾನ ಮಾಡಿ ತೊಟ್ಟ ಬಟ್ಟೆಯನ್ನು ಒಗೆಯಬೇಕು. ಊರಿಗೆ ಮರಳಿದ ಮೇಲೆ ಜ್ವರ ಬಂದರೆ ಮಲೆನಾಡಿಗೆ ಹೋಗಿ ಬಂದ ವಿಷಯವನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ದಿನವನ್ನು ಕೋಟೆಯಿಂದಲೇ ಆರಂಭಿಸಿ, ಆದರೆ ಬಾಗಿಲಲ್ಲಿ ನಿಲ್ಲದೆ ನೇರವಾಗಿ ಮೇಲಕ್ಕೆ ಹತ್ತಿ. ಮೇಲೆ ನಿಂತು ಮೊದಲು ಸುತ್ತಲಿನ ಗುಡ್ಡಗಳನ್ನು ನೋಡಬೇಕು. ಬಿಜಾಪುರದ ಸೇನೆಯ ದಾಳಿಗೆ ಹಿಂದಿನ ರಾಜಧಾನಿ ಇಕ್ಕೇರಿ ನಲುಗಿದ ಮೇಲೆ ಕೆಳದಿಯ ಅರಸ ವೀರಭದ್ರನಾಯಕನು ರಾಜಧಾನಿಯನ್ನು ಇಲ್ಲಿಗೆ ಏಕೆ ತಂದನೆಂಬುದು ಆ ನೋಟದಲ್ಲಿಯೇ ತಿಳಿಯುತ್ತದೆ: ಬೆಟ್ಟಗಳೇ ಹೊರಗೋಡೆ, ಕಾಡೇ ಕಂದಕ. ಇನ್ನೊಂದು ಕಾರಣ ಪಶ್ಚಿಮಕ್ಕಿದೆ. ಅತ್ತ ಹುಲಿಕಲ್ ಘಾಟಿ ಇಳಿದರೆ ಹೊಸಂಗಡಿ, ಅದರಾಚೆ ಬಸರೂರು, ಕುಂದಾಪುರ. ಘಟ್ಟದ ಮೇಲಿನ ಮೆಣಸು ಮತ್ತು ಕೆಳಗಿನ ಅಕ್ಕಿ ಕಡಲ ವ್ಯಾಪಾರಕ್ಕೆ ಸೇರುತ್ತಿದ್ದ ದಾರಿಯನ್ನು ಕೈಯಲ್ಲಿಟ್ಟುಕೊಂಡವನ ಬೊಕ್ಕಸ ಬರಿದಾಗುತ್ತಿರಲಿಲ್ಲ.

ಕೋಟೆಯನ್ನು ಜನ ಕರೆಯುವುದು ಶಿವಪ್ಪನಾಯಕನ ಕೋಟೆಯೆಂದು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ ದೊಡ್ಡ ಕೆಲಸ ಕಲ್ಲಿನದಲ್ಲ, ಲೆಕ್ಕದ್ದು. ಭೂಮಿಯನ್ನು ಅಳೆಸಿ, ಮಣ್ಣಿನ ಗುಣ ನೋಡಿ ಉತ್ತಮದಿಂದ ಅಧಮಾಧಮದವರೆಗೆ ಐದು ತರಗತಿ ಮಾಡಿ, ಬೆಳೆಯ ಮೂರನೆಯ ಒಂದು ಪಾಲನ್ನು ಅರಮನೆಗೆ ಗೊತ್ತುಮಾಡಿದ ಆ ಕ್ರಮಕ್ಕೆ ಶಿವಪ್ಪನಾಯಕನ ಶಿಸ್ತು ಎಂದು ಹೆಸರು. ತೋಟಗಳಿಗೆ ಮರಗಳ ಎಣಿಕೆಯ ಮೇಲೆ ತೆರಿಗೆ. ಗದ್ದೆ ಹೇಗಿದೆ, ನೀರು ಎಲ್ಲಿಂದ ಬರುತ್ತದೆ ಎಂದು ನೋಡಿ ಕಂದಾಯ ಕಟ್ಟಿದ ದೊರೆಯ ಕೋಟೆಯಿಂದ ಕೆಳಗಿನ ಗದ್ದೆ ತೋಟಗಳನ್ನು ನೋಡುವಾಗ ನನಗೆ ಅವೂ ಈ ಸ್ಮಾರಕದ ಭಾಗವೆಂದೇ ಅನಿಸುತ್ತದೆ. 1671ರಲ್ಲಿ ಅಧಿಕಾರ ವಹಿಸಿಕೊಂಡ ಚೆನ್ನಮ್ಮಾಜಿಯ ನೆನಪಿಗೂ ಇಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಔರಂಗಜೇಬನ ಸೇನೆ ಬೆನ್ನಟ್ಟಿದ್ದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಸುರಕ್ಷಿತವಾಗಿ ದಾಟಿಸಿದವಳು ಅವಳು. ಮಕ್ಕಳನ್ನು ಕರೆತಂದವರು ಈ ಕತೆಯನ್ನು ಕೋಟೆಯಲ್ಲಿಯೇ ಹೇಳಬೇಕು. ಮನೆಯಲ್ಲಿ ಹೇಳಿದರೆ ಅದು ಪಾಠವಾಗುತ್ತದೆ. ಕೊಳದ ಅಂಚಿಗೂ ಗೋಡೆಯ ತುದಿಗೂ ಅವರನ್ನು ಒಂಟಿಯಾಗಿ ಬಿಡಬೇಡಿ.

ಕೋಟೆಯಿಂದ ಇಳಿದ ಮೇಲೆ ಬಸವನಬ್ಯಾಣದ ದೇವಗಂಗೆಗೆ ಹೋಗಿ. ಊರಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಈ ಕೊಳಗಳ ಗುಂಪು ನನ್ನ ಮಟ್ಟಿಗೆ ನಗರದ ಅತ್ಯಂತ ಸುಂದರ ಜಾಗ. ಬೆಟ್ಟದ ಒರತೆಯ ನೀರನ್ನು ಕಲ್ಲಿನ ಕಾಲುವೆಗಳಲ್ಲಿ ಹಿಡಿದು ತಂದು ಕಮಲದ, ನಕ್ಷತ್ರದ, ಇನ್ನೂ ಬೇರೆ ಬೇರೆ ಆಕಾರದ ಕೊಳಗಳಿಗೆ ಹಂಚಿದ್ದಾರೆ. ಅರಮನೆಯವರ ಜಳಕಕ್ಕೆ ಕಟ್ಟಿದ್ದೆಂದು ಹೇಳಿಕೆ. ಇಲ್ಲಿ ಆತುರ ಬೇಡ. ನೀರು ಒಳಗೆ ಬರುವ ಬಾಯಿಯಿಂದ ಹೊರಟು, ಅದರ ಜೊತೆಗೇ ನಡೆಯುತ್ತ, ಒಂದು ಕೊಳದಿಂದ ಮತ್ತೊಂದಕ್ಕೆ ಹೇಗೆ ಇಳಿಯುತ್ತದೆಂದು ನೋಡಿಕೊಂಡು ಹೋದರೆ ಅದನ್ನು ಕಟ್ಟಿದವರ ಲೆಕ್ಕಾಚಾರ ತಾನಾಗಿ ಅರ್ಥವಾಗುತ್ತದೆ. ಮಲೆನಾಡಿನ ತೋಟಗಳಲ್ಲಿ ಗುಡ್ಡದಿಂದ ಇಳಿಯುವ ಅಬ್ಬಿ ನೀರನ್ನು ಸೀಳಿದ ಅಡಕೆ ಮರದ ದಂಬೆಯಲ್ಲಿ ತರುವ ಜಾಣತನವನ್ನೇ ಇಲ್ಲಿ ಕಲ್ಲಿನಲ್ಲಿ ಮಾಡಿದ್ದಾರೆ. ನೀರಿಗಿಳಿಯುವುದು, ಸಾಬೂನು ಹಚ್ಚುವುದು, ತಿಂಡಿಯ ಪೊಟ್ಟಣ ಎಸೆಯುವುದು ಕೂಡದು. ಈ ಕೊಳಗಳೂ ಕೋಟೆಯೂ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ.

ಮಧ್ಯಾಹ್ನದ ಮೇಲೆ ಗುಡ್ಡೆ ವೆಂಕಟರಮಣ ಮತ್ತು ನೀಲಕಂಠೇಶ್ವರ ದೇವಸ್ಥಾನಗಳನ್ನು ನೋಡಿಕೊಂಡು, ಕೆಳದಿ ಅರಸರ ಸಮಾಧಿಗಳಿರುವ ಕೊಪ್ಪಲು ಮಠಕ್ಕೆ ಹೋಗಬಹುದು. ದಾರಿ ಕೇಳುವಾಗ ಊರಿನ ಹಿರಿಯರೊಡನೆ ನಾಲ್ಕು ಮಾತಾಡಿ. 1763ರಲ್ಲಿ ಹೈದರಾಲಿ ಊರನ್ನು ಗೆದ್ದು ಹೈದರ್‌ನಗರ ಎಂದು ಹೆಸರಿಟ್ಟದ್ದು, ಅದರಲ್ಲಿ ಕಡೆಗೆ ಬರಿಯ ನಗರ ಉಳಿದದ್ದು ಎಲ್ಲರಿಗೂ ಗೊತ್ತು. 1830-31ರಲ್ಲಿ ತೆರಿಗೆಯ ಹೊರೆ ತಾಳಲಾರದೆ ಈ ಸೀಮೆಯ ರೈತರು ಕೂಟ ಸೇರಿ ದಂಗೆಯೆದ್ದದ್ದು ಅಷ್ಟು ಗೊತ್ತಿಲ್ಲ. ಬೂದಿ ಬಸವಪ್ಪ ಅವರ ಮುಂದಾಳಾಗಿದ್ದ. ಆ ದಂಗೆಯನ್ನೇ ಕಾರಣ ಮಾಡಿಕೊಂಡು ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ಅರಸರ ಕೈಯಿಂದ ತೆಗೆದುಕೊಂಡರು. ಐವತ್ತು ವರ್ಷ ಅದು ಅವರ ಕೈಯಲ್ಲಿಯೇ ಇತ್ತು. ಮುಂದೆ ತಾಲ್ಲೂಕಿನ ಕಚೇರಿ ಕಲ್ಲೂರುಕಟ್ಟೆಗೆ ಹೋಯಿತು, ಆ ಊರು ಹೊಸನಗರವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ, ಅನಂತರ ಚಕ್ರಾ, ಸಾವೆಹಕ್ಲು ಜಲಾಶಯಗಳು ಬಂದ ಮೇಲೆ ಈ ತಾಲ್ಲೂಕಿನ ಎಷ್ಟೋ ಮನೆಗಳು, ತೋಟಗಳು ನೀರಿನಡಿ ಸೇರಿದವು. ಮುಳುಗಡೆಯ ಮಾತು ಬಂದರೆ ಅವಸರಪಡಿಸದೆ ಕೇಳಿಸಿಕೊಳ್ಳಿ. ನಾಡಿನ ದೀಪಕ್ಕಾಗಿ ಮನೆ ಬಿಟ್ಟವರು ಇನ್ನೂ ನಮ್ಮ ನಡುವೆ ಇದ್ದಾರೆ.

ಊರೊಳಗಿನ ನಡತೆಯ ಬಗ್ಗೆ ಒಂದೆರಡು ಮಾತು. ಬೇಲಿಯ ಬಾಯಿಗೆ ಅಡ್ಡ ಹಾಕಿದ ಉಣಗೋಲು ಸರಿಸಿ ಒಳಹೊಕ್ಕರೆ ಅದನ್ನು ಮತ್ತೆ ಮೊದಲಿನಂತೆ ಹಾಕಿಯೇ ಹೊರಡಬೇಕು, ಇಲ್ಲವಾದರೆ ದನ ಹೊಕ್ಕು ಇಡೀ ಗದ್ದೆ ಹಾಳಾಗುತ್ತದೆ. ಅಂಗಳದಲ್ಲಿ ಹರವಿದ ಅಡಕೆಯನ್ನು ತುಳಿಯಬಾರದು. ಗುಡ್ಡದ ಮೇಲಿನ ಸೊಪ್ಪಿನ ಬೆಟ್ಟಗಳು ತೋಟಕ್ಕೆ ಸೊಪ್ಪು ಒದಗಿಸುವ ನೆಲ. ಅಲ್ಲಿ ಬೆಂಕಿ ಹಚ್ಚುವುದಾಗಲಿ, ಕೊಂಬೆ ಮುರಿಯುವುದಾಗಲಿ ಸಲ್ಲದು.

ಹಿಂದಿರುಗುವ ದಾರಿ ಎರಡು. ನಿಟ್ಟೂರಿನ ಕಡೆ ಹೋದರೆ 1,343 ಮೀಟರ್ ಎತ್ತರದ ಕೊಡಚಾದ್ರಿಯ ಬುಡ ಸಿಗುತ್ತದೆ, ಮುಂದೆ ಕೊಲ್ಲೂರು. ಬೆಟ್ಟ ಹತ್ತುವವರು ಅದಕ್ಕೆಂದೇ ಮರುದಿನವನ್ನು ಇಟ್ಟುಕೊಳ್ಳಲಿ. ಕುಂದಾಪುರಕ್ಕೆ ಹುಲಿಕಲ್ ಘಾಟಿ ಇಳಿಯುವವರು ನಾಲ್ಕು ಗಂಟೆಗೆಲ್ಲ ನಗರ ಬಿಡುವುದು ಕ್ಷೇಮ. ಸಂಜೆಯಾಗುತ್ತಲೇ ತಿರುವುಗಳ ಮೇಲೆ ಮಂಜು ಇಳಿದು ದಾರಿ ಕಾಣದಂತಾಗುತ್ತದೆ, ಕೆಳಗಿನಿಂದ ಹತ್ತಿ ಬರುವ ಬಸ್ಸಿನ ಸದ್ದು ಮಾತ್ರ ಕೇಳಿಸುತ್ತಿರುತ್ತದೆ.