ಹಳದಿ ವಲಯದಲ್ಲಿ ಅಡಿಕೆ ಶೆಡ್: ನಾನು ಅನುಮತಿ ಪಡೆದ ಬಗೆ

ಶಿವಮೊಗ್ಗದ ಅಂಚಿನಲ್ಲಿ, ಸಾಗರ ರಸ್ತೆಯ ಕಡೆ ನಮ್ಮದೊಂದು ಜಾಗ ಇದೆ. ಅಲ್ಲಿ ಅಡಿಕೆ ಸುಲಿಯುವ ಮೆಷಿನ್ ಇಟ್ಟು, ಬೇಯಿಸಿ, ಒಣಗಿಸಿ, ಮೂಟೆ ಕಟ್ಟುವ ಶೆಡ್ ಹಾಕಲು ಹೊರಟೆ. ‘ಅಲಿನೇಷನ್ ಆಗಿದೆಯಲ್ಲ, ಇನ್ನೇನು ಬೇಕು?’ ಅಂದವರೇ ಎಲ್ಲರೂ. ಕೃಷಿ ಜಮೀನನ್ನು ಬೇರೆ ಬಳಕೆಗೆ ಪರಿವರ್ತಿಸಿಕೊಳ್ಳುವುದಕ್ಕೆ ಅಲಿನೇಷನ್ ಅನ್ನುತ್ತಾರೆ.

ಅಲಿನೇಷನ್ ಬೇರೆ, ಮಾಸ್ಟರ್ ಪ್ಲಾನ್ ಬೇರೆ. ಮೊದಲನೆಯದು 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಡಿಸಿ ಕೊಡುವ ಆದೇಶ. ಎರಡನೆಯದು ಊರಿನ ಯಾವ ಜಾಗ ಯಾವ ಬಳಕೆಗೆ ಅಂತ ಗುರುತಿಸುವ ಯೋಜನೆ; ಅದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಗೆ ಸೇರಿದ್ದು. ಇಲ್ಲಿ ಅದನ್ನು ನೋಡಿಕೊಳ್ಳುವುದು ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ, ನಮ್ಮ ಬಾಯಲ್ಲಿ ಸೂಡಾ. ನಮ್ಮ ಅಲಿನೇಷನ್ ಆಗಿದ್ದು ವಾಸದ ಉದ್ದೇಶಕ್ಕೆ. ಪ್ಲಾನಿನ ನಕ್ಷೆಯಲ್ಲೂ ನಮ್ಮ ಸರ್ವೆ ನಂಬರಿಗೆ ಹಳದಿ ಬಣ್ಣ, ಅಂದರೆ ವಾಸದ ವಲಯ. ತೋಟದ ಮನೆಯಲ್ಲಿ ಅಡಿಕೆ ಬೇಯಿಸಿದರೆ ಯಾರೂ ಕೇಳುವುದಿಲ್ಲ. ಇಲ್ಲಿ ಅದೇ ಒಲೆ ಉದ್ಯಮದ ಲೆಕ್ಕಕ್ಕೆ ಬರುತ್ತದೆ.

ದಾರಿ ಎರಡಿತ್ತು. ಯೋಜನಾ ಕಾಯ್ದೆಯ 14-ಎ ಕಲಮಿನಡಿ, ಪ್ಲಾನಿನಲ್ಲಿ ಗುರುತಿಸಿದ ಭೂ ಬಳಕೆಯನ್ನೇ ಬದಲಿಸಿಕೊಳ್ಳುವುದು ಒಂದು. ಅದಕ್ಕೆ ದಿನಪತ್ರಿಕೆಯಲ್ಲಿ ಪ್ರಕಟಣೆ, ಜನರ ಆಕ್ಷೇಪಣೆ, ಸರ್ಕಾರದ ಒಪ್ಪಿಗೆ ಎಲ್ಲ ಬೇಕು. ಬದಲಾವಣೆ ಸಾರ್ವಜನಿಕ ಹಿತಕ್ಕೆ ಅಂತಲೂ ತೋರಿಸಬೇಕು. ನನ್ನ ಒಂದು ಶೆಡ್ಡಿನಲ್ಲಿ ಊರಿಗೆ ಏನು ಹಿತ? ನನಗೇ ಉತ್ತರ ಹೊಳೆಯಲಿಲ್ಲ.

ಇನ್ನೊಂದು ದಾರಿ ವಲಯ ನಿಯಮಾವಳಿಯೊಳಗೇ ಇದೆ, ಅಂದರೆ ಯಾವ ವಲಯದಲ್ಲಿ ಏನು ಮಾಡಬಹುದು ಅಂತ ಹೇಳುವ ಪ್ಲಾನಿನ ನಿಯಮಗಳಲ್ಲಿ. ಜನ ಅದನ್ನು ಓದುವುದು ಕಡಿಮೆ. ವಾಸದ ವಲಯಕ್ಕೆ ಎರಡು ಪಟ್ಟಿ ಇರುತ್ತವೆ. ನೇರವಾಗಿ ಅವಕಾಶ ಇರುವ ಬಳಕೆಗಳದ್ದು ಒಂದು, ವಿಶೇಷ ಸಂದರ್ಭದಲ್ಲಿ ಪ್ರಾಧಿಕಾರ ಒಪ್ಪಿದರೆ ಮಾತ್ರ ನಡೆಯುವ ಬಳಕೆಗಳದ್ದು ಇನ್ನೊಂದು. ಸಣ್ಣ ಮೋಟಾರಿನ ಕೆಲಸಗಳು ಎರಡನೆಯದರಲ್ಲಿ ಬರುತ್ತವೆ. ನಾನು ಹಿಡಿದಿದ್ದು ಈ ಎಳೆಯನ್ನು.

ಅರ್ಜಿ ಬರೆಯುವ ಮೊದಲು ಅಕ್ಕಪಕ್ಕದ ಮನೆಗಳಿಗೆ ಹೋದೆ. ಮೆಷಿನ್ ಸದ್ದಿನದೇ ದೂರು ಬರುತ್ತದೆ ಅಂದುಕೊಂಡಿದ್ದೆ. ಪಕ್ಕದ ಮನೆಯ ಅಜ್ಜಿ ಮಾತ್ರ ಕೇಳಿದ್ದೇ ಬೇರೆ: ‘ಚೊಗರು ಎಲ್ಲಿಗೆ ಬಿಡ್ತೀಯಪ್ಪಾ? ನಮ್ಮ ಬಾವಿ ಇಲ್ಲೇ ಇದೆ.’ ಅಡಿಕೆ ಬೇಯಿಸಿದ ಆ ಕೆಂಪು ಒಗರು ನೀರು ಚರಂಡಿಗೆ ಹೋದರೆ ಏನಾಗುತ್ತದೆ ಅಂತ ಮಲೆನಾಡಿನವರಿಗೆ ಹೇಳಿಕೊಡಬೇಕಾ? ಅವರ ಮಾತು ನ್ಯಾಯವಾಗಿತ್ತು. ಹೊಗೆಯ ಮಾತನ್ನು ಇನ್ನೊಬ್ಬರು ಎತ್ತಿದರು.

ಹಾಗಾಗಿ ಕೆಲಸವನ್ನೇ ಎರಡು ಮಾಡಿದೆ. ಬೇಯಿಸುವುದು, ಒಣಗಿಸುವುದು ತೀರ್ಥಹಳ್ಳಿ ಕಡೆಯ ತೋಟದಲ್ಲೇ. ಇಲ್ಲಿ ಬರೀ ಸುಲಿಯುವುದು, ಒಣಗಿದ್ದನ್ನು ಮೂಟೆ ಕಟ್ಟಿ ಇಡುವುದು. ಸಾಗಣೆ ಖರ್ಚು ಜಾಸ್ತಿ ಆಯಿತು, ನಿಜ. ಅರ್ಜಿ ಮಾತ್ರ ಹಗುರಾಯಿತು. ಪಹಣಿ, ಅಲಿನೇಷನ್ ಆದೇಶ, ಶೆಡ್ಡಿನ ನಕ್ಷೆಯ ಜೊತೆ ಮೋಟಾರಿನ ಹೆಚ್.ಪಿ., ಕೆಲಸದ ಹೊತ್ತು, ಸಿಪ್ಪೆ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ಬರೆದುಕೊಟ್ಟೆ. ಅಕ್ಕಪಕ್ಕದವರ ಒಪ್ಪಿಗೆ ಪತ್ರಗಳನ್ನು ಯಾರೂ ಕೇಳದಿದ್ದರೂ ಲಗತ್ತಿಸಿದೆ.

ಸ್ಥಳ ಪರಿಶೀಲನೆಗೆ ಬಂದವರು ಶೆಡ್ಡಿಗಿಂತ ರಸ್ತೆಯನ್ನೇ ಹೆಚ್ಚು ನೋಡಿದರು. ಎಷ್ಟು ಅಗಲ, ಲಾರಿ ತಿರುಗುತ್ತದಾ, ಲೋಡ್ ಇಳಿಸುವಾಗ ಉಳಿದವರಿಗೆ ದಾರಿ ಸಿಗುತ್ತದಾ ಅಂತ. ಲಾರಿ ಬೇಡ, ಪಿಕಪ್ ಗಾಡಿಯಲ್ಲೇ ತರುತ್ತೇನೆ ಅಂತ ಅಲ್ಲೇ ಬರೆದುಕೊಟ್ಟೆ. ಸುಮ್ನೆ ವಾದ ಮಾಡಿದ್ದರೆ ಫೈಲ್ ಅಲ್ಲೇ ಕೂರುತ್ತಿತ್ತು.

ಅನುಮತಿ ಷರತ್ತಿನ ಮೇಲೆ ಬಂತು: ರಾತ್ರಿ ಮೆಷಿನ್ ಓಡಿಸುವಂತಿಲ್ಲ, ಸಿಪ್ಪೆ ಸುಡುವಂತಿಲ್ಲ, ಬೇರೆ ಬಳಕೆಗೆ ಕೊಡುವಂತಿಲ್ಲ. ಅಲಿನೇಷನ್ನಿನ ಉದ್ದೇಶ ಬದಲಿಸಿಕೊಳ್ಳಲು ಡಿಸಿ ಕಚೇರಿಗೆ ಬೇರೆಯೇ ಅರ್ಜಿ ಹಾಕಿದೆ. ಮೊನ್ನೆ ಒಬ್ಬರು ಸೀಸನ್ ಮುಗಿದ ಮೇಲೆ ವೆಲ್ಡಿಂಗ್ ಶಾಪಿಗೆ ಶೆಡ್ ಬಾಡಿಗೆ ಕೇಳಿದರು. ಬಾಡಿಗೆ ಚೆನ್ನಾಗಿಯೇ ಇತ್ತು. ಷರತ್ತಿನ ಪ್ರತಿ ತೋರಿಸಿ, ಆಗಲ್ಲ ಅಂದೆ.